ಎಲ್ಲಮ್ಮನ ಗುಡ್ಡದಲ್ಲಿ ಒಂದು ತಾಡಪತ್ರಿ, ಎರಡು ರಾತ್ರಿ

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವುದು ನನ್ನ ರೂಢಿ. ಈ ಸಲ ಬನದ ಹುಣ್ಣಿಮೆಯ ಜಾತ್ರೆಗೆ ಕಾಕಾನ ಟ್ರ್ಯಾಕ್ಟರ್ ಹತ್ತಿ ಹೋದೆವು, ಎರಡು ರಾತ್ರಿ ಅಲ್ಲೇ ಉಳಿದೆವು. ಗೋಕಾಕದಿಂದ ಯರಗಟ್ಟಿ ದಾಟಿದ ಮೇಲೆ ದಾರಿ ತುಂಬಾ ಚಕ್ಕಡಿ, ಟ್ರ್ಯಾಕ್ಟರ್, ಅರಿಶಿನದ ಭಂಡಾರ ಬಳಿದ ಹಣೆಗಳು. ಜೋಗುಳಬಾವಿಯಲ್ಲಿ ಸ್ನಾನ ಮಾಡಿ, ಸತ್ಯಮ್ಮನಿಗೆ ಕೈಮುಗಿದು ಗುಡ್ಡ ಸೇರಿದಾಗ ಮಧ್ಯಾಹ್ನ ದಾಟಿತ್ತು.

ಜಾಗ ಸಿಕ್ಕಿದ್ದೇ ಪುಣ್ಯ. ಆಮೇಲೆ ನನ್ನ ಜಾಣತನ ಶುರು. ತಾಡಪತ್ರಿಯ ಒಂದು ಅಂಚು ಟ್ರೇಲರ್‌ಗೆ, ಇನ್ನೊಂದು ಅಂಚು ಎರಡು ಬಿದಿರಿನ ಗಳಕ್ಕೆ, ಅಷ್ಟು ಕಟ್ಟಿದರೆ ಗುಡಾರ ಆಯ್ತು ಅಲ್ವಾ? ಗೂಟ ಹೊಡೆಯಲು ಹೋದರೆ ನಾಲ್ಕು ಬೆರಳು ಮಣ್ಣು, ಕೆಳಗೆ ಬರೀ ಬಂಡೆ. ಸುಮ್ನೆ ಕೈ ನೋಯಿಸಿಕೊಂಡೆ. ಪಕ್ಕದ ಚಕ್ಕಡಿಯ ಅಜ್ಜಿ ಮೂರು ಕಲ್ಲಿನ ಒಲೆ ಮುಂದೆ ರೊಟ್ಟಿ ಬಡಿಯುತ್ತಾ ಇದನ್ನೆಲ್ಲ ನೋಡುತ್ತಿದ್ದರು.

"ತಮ್ಮಾ, ಗಾಳಿ ಯಾ ಕಡಿಂದ ಬರ್ತದ ನೋಡೀಯೇನ? ಬಾಗಲಾ ಅತ್ತಾಗ ಇಟ್ಟೀಯಲ್ಲೋ!"

ಕಾಕಾ ಗೊಣಗುತ್ತಾ ಟ್ರ್ಯಾಕ್ಟರ್ ತಿರುಗಿಸಿದ. ಈಗ ಟ್ರೇಲರ್ ಗಾಳಿಗೆ ಅಡ್ಡ ನಿಂತಿತು. ಗೂಟದ ಬದಲು ತಲೆಯಷ್ಟು ದೊಡ್ಡ ಕಲ್ಲುಗಳಿಗೆ ಹಗ್ಗ ಸುತ್ತಿ ಬಿಗಿದೆವು. ನೆಲಕ್ಕೆ ಹಾಸಲು ಅಜ್ಜಿಯೇ ಎರಡು ಸಿವುಡು ಜೋಳದ ಕಣಿಕೆ, ಅಂದರೆ ಒಣಗಿದ ದಂಟಿನ ಕಟ್ಟು, ಕೊಟ್ಟರು. "ಇವತ್ತ ಮಕ್ಕೋರಿ, ನಾಳೆ ಎತ್ತಿಗಿ ಬೇಕು" ಅಂದರು. ಕಣಿಕೆ ಮೇಲೆ ಜಮಖಾನ, ಮೈಮೇಲೆ ಕೌದಿ.

ಚಳಿ ಅಂತ ಮೂರೂ ಕಡೆ ಬಿಗಿಯಾಗಿ ಮುಚ್ಚಿದ್ದೇ ತಪ್ಪಾಯಿತು. ಏಳು ಜನರ ಉಸಿರೆಲ್ಲ ತಾಡಪತ್ರಿಯ ಒಳಮೈಗೆ ಹನಿಗಟ್ಟಿ, ನಸುಕಿನಲ್ಲಿ ಟಪ್ ಟಪ್ ಅಂತ ಮುಖದ ಮೇಲೆ ಬೀಳತೊಡಗಿತು. ಹೊರಗೆ ಬಂದೆ. ಬೆಳದಿಂಗಳಲ್ಲಿ ಗುಡ್ಡದ ತುಂಬಾ ಚಕ್ಕಡಿ, ಅವುಗಳ ಕೆಳಗೆ ಮುಸುಕು ಹೊದ್ದ ಜನ, ಎತ್ತಿನ ಕೊರಳ ಗಂಟೆ, ದೂರದಲ್ಲೆಲ್ಲೋ ಎಲ್ಲಮ್ಮನ ಹಾಡಿಗೆ ನುಡಿಸುವ ಚೌಡಕಿ ವಾದ್ಯ. ಆ ಹೊತ್ತಿಗೇ ನೀರಿಗೆ ಕೊಡಗಳ ಸಾಲು ನಿಂತಿತ್ತು. ಬಹಿರ್ದೆಸೆಗೆ ಹೋಗುವ ಕಷ್ಟವಂತೂ ಹೇಳುವುದೇ ಬೇಡ, ಹೆಂಗಸರಿಗೆ ಇನ್ನೂ ಜಾಸ್ತಿ.

ಮರುದಿನ ಗುಡಾರದ ಮುಂದೆಯೇ ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಮಾಡಿ ಪಡ್ಡಲಗಿ, ಅಂದರೆ ಎಲ್ಲಮ್ಮನ ನೈವೇದ್ಯದ ಬುಟ್ಟಿ, ತುಂಬಿಸಿದೆವು. ಅಜ್ಜಿಗೂ ಎಡೆ ಕೊಟ್ಟು ಬಂದೆವು.

ರಾತ್ರಿ ಹನಿ ಬೀಳಬಾರದೆಂದು ತಾಡಪತ್ರಿಯ ಅಂಚನ್ನು ಗೇಣುದ್ದ ಎತ್ತಿ ಕಟ್ಟಿದೆ, ಒಳಗೆ ಒಂದು ಹನಿ ಬೀಳಲಿಲ್ಲ. ಆದರೆ ಹಿಂದಿನ ರಾತ್ರಿಯ ಹಾಸಿಗೆಯನ್ನು ಅಜ್ಜಿಯ ಎತ್ತುಗಳು ಅಷ್ಟೊತ್ತಿಗೆ ಮೇಯ್ದು ಮುಗಿಸಿದ್ದವು. ಕಾಕಾ ಕಲ್ಲಿನ ಮೇಲೆ ಮಗ್ಗುಲು ಬದಲಿಸುತ್ತಾ, ರಾತ್ರಿಯಿಡೀ ಎತ್ತುಗಳಿಗೆ ಬೈಯುತ್ತಿದ್ದ.