ಕಾರ್ಡಿನ ಮೇಲೆ ಮುದ್ರಿಸಿದ ಕೂಲಿ: ಇಲಾ ಭಟ್ ಕಟ್ಟಿದ ಸಂಘದ ಬಗೆ

1971ರಲ್ಲಿ ಅಹಮದಾಬಾದಿನ ಬಟ್ಟೆ ಪೇಟೆಯಲ್ಲಿ ಕೈಗಾಡಿ ಎಳೆಯುತ್ತಿದ್ದ ಹೆಂಗಸರು ಜವಳಿ ಕಾರ್ಮಿಕರ ಸಂಘದ ಕಚೇರಿಗೆ ಬಂದರು. ಇರಲು ಮನೆ ಬೇಕು ಎಂದು ಕೇಳಲು ಬಂದವರು ಅವರು. ಅವರ ಜೊತೆ ತಲೆಹೊರೆಯವರೂ ಸೇರಿಕೊಂಡಾಗ ಮಾತು ಕೂಲಿಯ ಕಡೆ ಹೊರಳಿತು. ಒಂದು ಸಲ ಹೊತ್ತರೆ ಇಷ್ಟು ಎಂಬ ಲೆಕ್ಕದಲ್ಲಿ ದುಡ್ಡು. ಆದರೆ ಎಷ್ಟು ಸಲ ಹೊತ್ತರು ಎಂದು ಯಾರೂ ಬರೆದಿಡುತ್ತಿರಲಿಲ್ಲ. ಸಂಜೆ ವ್ಯಾಪಾರಿ ಹೇಳಿದ್ದೇ ಲೆಕ್ಕ.

ಸಂಘದ ಮಹಿಳಾ ವಿಭಾಗ ನೋಡಿಕೊಳ್ಳುತ್ತಿದ್ದ ಇಲಾ ಭಟ್ ಇದನ್ನು ಸ್ಥಳೀಯ ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳಿಗೆ ಸಿಟ್ಟು ಬಂತು. ತಾವು ನ್ಯಾಯವಾದ ಕೂಲಿಯನ್ನೇ ಕೊಡುತ್ತಿದ್ದೇವೆ ಎಂದು ಅವರೂ ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ಮಹಿಳಾ ವಿಭಾಗ ವಾದಕ್ಕೆ ಹೋಗಲಿಲ್ಲ. ವ್ಯಾಪಾರಿಗಳು ಹೇಳಿಕೊಂಡಿದ್ದನ್ನೇ ಕಾರ್ಡುಗಳಲ್ಲಿ ಮುದ್ರಿಸಿ ಹೆಂಗಸರ ಕೈಗೆ ಹಂಚಿತು. ನೀವೇ ಹೇಳಿದ್ದು, ಕೊಡಿ, ಅಷ್ಟೇ. ಮುಷ್ಕರವಿಲ್ಲ, ಘೋಷಣೆಯಿಲ್ಲ. ಇಲಾಬೆನ್ ಮುಂದೆ ಐವತ್ತು ವರ್ಷ ಮಾಡಿದ ಕೆಲಸವೆಲ್ಲ ಈ ಕಾರ್ಡಿನಲ್ಲೇ ಇತ್ತು ಅಂತ ನನಗನ್ನಿಸುತ್ತದೆ: ದಾಖಲೆಯೇ ಇಲ್ಲದವರ ಕೈಗೆ ಒಂದು ದಾಖಲೆ ಕೊಡುವುದು.

ಹುಟ್ಟಿದ್ದು 1933ರ ಸೆಪ್ಟೆಂಬರ್ 7ರಂದು, ಅಹಮದಾಬಾದಿನಲ್ಲಿ. ಕಾನೂನು ಓದಿ 1955ರಲ್ಲಿ ಜವಳಿ ಕಾರ್ಮಿಕರ ಸಂಘದ ಕಾನೂನು ವಿಭಾಗ ಸೇರಿದರು. 1918ರ ಗಿರಣಿ ಮುಷ್ಕರದ ಬೆನ್ನಿಗೆ, 1920ರಲ್ಲಿ, ಅನಸೂಯಾ ಸಾರಾಭಾಯಿ ಮತ್ತು ಗಾಂಧೀಜಿ ಕಟ್ಟಿದ ಸಂಘ ಅದು. ಅಲ್ಲಿ ಕಾರ್ಮಿಕ ಎಂದರೆ ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು. ಪಾತ್ರೆ ಕೊಟ್ಟು ಹಳೇ ಬಟ್ಟೆ ಕೊಳ್ಳುವವಳು, ತರಕಾರಿ ಬುಟ್ಟಿಯವಳು, ಮನೆಯಲ್ಲಿ ಕೂತು ಬೀಡಿ ಕಟ್ಟುವವಳು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ.

1971ರ ಡಿಸೆಂಬರಿನಲ್ಲಿ ಹಳೇ ಬಟ್ಟೆ ವ್ಯಾಪಾರದ ಹೆಂಗಸರ ಸಭೆ ನಡೆದಾಗ, ನಮ್ಮದೇ ಒಂದು ಸಂಘ ಬೇಕು ಎಂಬ ಮಾತು ಅವರ ನಡುವಿನಿಂದಲೇ ಬಂತು. ‘ಸೇವಾ’, ಅಂದರೆ ಸ್ವಯಂ ಉದ್ಯೋಗಿ ಮಹಿಳೆಯರ ಸಂಘ, ಹುಟ್ಟಿದ್ದು ಹೀಗೆ. ನೋಂದಣಿಗೆ ಹೋದರೆ ಕಾರ್ಮಿಕ ಇಲಾಖೆ ತಕರಾರು ತೆಗೆಯಿತು. ಇವರಿಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಹೋರಾಡಲು ಸಂಘ? ಸಂಘ ಇರುವುದು ಯಾರದೋ ವಿರುದ್ಧವಲ್ಲ, ಕೆಲಸಗಾರರ ಒಗ್ಗಟ್ಟಿಗೆ ಎಂದು ಇಲಾಬೆನ್ ವಾದಿಸಿದರು. ಕಾನೂನು ಓದಿದವರಿಗೆ ಇದರ ಗಟ್ಟಿತನ ಗೊತ್ತಾಗುತ್ತದೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ಕೆಲಸಗಾರ ಮತ್ತು ಮಾಲೀಕರ ಸಂಬಂಧದ ಜೊತೆಗೆ ಕೆಲಸಗಾರ ಮತ್ತು ಕೆಲಸಗಾರರ ನಡುವಿನ ಸಂಬಂಧವೂ ಇತ್ತು. ಅದನ್ನು ಗಮನಿಸಿದವರು ಕಡಿಮೆ. 1972ರ ಏಪ್ರಿಲ್ 12ರಂದು ನೋಂದಣಿ ಆಯಿತು.

ಸಂಘ ಬಂದ ಮೇಲೂ ದುಡ್ಡಿನ ಸಮಸ್ಯೆ ಹಾಗೇ ಇತ್ತು. ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಮೀಟರ್ ಬಡ್ಡಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ 100 ರೂಪಾಯಿ ತಂದು ಸಂಜೆ 110 ಹಿಂತಿರುಗಿಸುವವಳು ತಿಂಗಳಲ್ಲಿ 26 ದಿನ ವ್ಯಾಪಾರ ಮಾಡಿದರೆ ಬಡ್ಡಿಯೇ 260 ರೂಪಾಯಿ. ಅಸಲು ಮಾತ್ರ ಯಾವತ್ತೂ ಅವಳದಾಗುವುದಿಲ್ಲ. ಮೊದಲು ‘ಸೇವಾ’ ತನ್ನ ಸದಸ್ಯರನ್ನು ರಾಷ್ಟ್ರೀಕೃತ ಬ್ಯಾಂಕುಗಳಿಗೆ ಕರೆದುಕೊಂಡು ಹೋಯಿತು. ಅದು ಸರಿಹೋಗಲಿಲ್ಲ. ವ್ಯಾಪಾರ ಮುಗಿಯುವ ಹೊತ್ತಿಗೆ ಬ್ಯಾಂಕು ಮುಚ್ಚಿರುತ್ತಿತ್ತು. ಮಾಸಿದ ಸೀರೆಯಲ್ಲಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದವಳನ್ನು ಸಿಬ್ಬಂದಿ ಮಾತಾಡಿಸುತ್ತಿರಲಿಲ್ಲ. 1974ರಲ್ಲಿ 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿದರು. ಅಕ್ಷರ ಬಾರದವರು ಬ್ಯಾಂಕು ನಡೆಸುವುದು ಹೇಗೆ ಎಂಬ ಪ್ರಶ್ನೆ ಎದುರಾದಾಗ, ಅರ್ಜಿಗೆ ಸಹಿ ಹಾಕಬೇಕಿದ್ದ ಹೆಂಗಸರು ರಾತ್ರಿಯಿಡೀ ಕೂತು ತಮ್ಮ ಹೆಸರು ಬರೆಯುವುದನ್ನು ಕಲಿತರು.

ಎಲ್ಲ ಗ್ರಾಹಕರಿಗೂ ಸಹಿ ಕಲಿಸುತ್ತ ಕೂರಲಾದೀತೇ? ಅದಕ್ಕೊಂದು ಸರಳ ಉಪಾಯ ಮಾಡಿದರು. ಖಾತೆ ತೆರೆಯುವಾಗ ಹೆಂಗಸಿನ ಕೈಗೆ ಸ್ಲೇಟು ಕೊಟ್ಟು, ಅದರ ಮೇಲೆ ಖಾತೆ ಸಂಖ್ಯೆ ಬರೆದು ಫೋಟೊ ತೆಗೆಯುವುದು. ಅದೇ ಫೋಟೊ ಪಾಸ್‌ಬುಕ್ಕಿಗೆ. ಮುಖ ಮತ್ತು ಸಂಖ್ಯೆ ಒಂದೇ ಚಿತ್ರದಲ್ಲಿ ಇದ್ದರೆ ಅವಳು ಸಂಖ್ಯೆ ನೆನಪಿಡಬೇಕಿಲ್ಲ, ಪಾಸ್‌ಬುಕ್ಕು ಹಿಡಿದು ಬೇರೆ ಯಾರೋ ಬಂದು ಹಣ ತೆಗೆಯಲೂ ಆಗುವುದಿಲ್ಲ. ‘ಬೇರೆ ಯಾರೋ’ ಅಂದರೆ ಬಹಳ ಸಲ ಗಂಡನೇ. ಸಾಲದ ಕಂತು ತಪ್ಪಿದವರ ಮನೆಗೆ ಹೋಗಿ ನೋಡಿದಾಗ ಹೆಚ್ಚಾಗಿ ಕಂಡದ್ದು ಕಾಯಿಲೆ, ಬಾಣಂತನ, ಸಾವು. ಆರೋಗ್ಯ ಮತ್ತು ವಿಮೆಯ ಕೆಲಸಕ್ಕೆ ‘ಸೇವಾ’ ಇಳಿದದ್ದು ಅದರಿಂದಲೇ.

1981ರಲ್ಲಿ ಗುಜರಾತಿನಲ್ಲಿ ವೈದ್ಯಕೀಯ ಸೀಟುಗಳ ಮೀಸಲಾತಿ ವಿರುದ್ಧ ಗಲಭೆ ಎದ್ದಾಗ ಇಲಾಬೆನ್ ದಲಿತರ ಪರ ಮಾತಾಡಿದರು. ಮಾತೃಸಂಘವಾದ ಜವಳಿ ಕಾರ್ಮಿಕರ ಸಂಘ ಅವರನ್ನೂ ‘ಸೇವಾ’ವನ್ನೂ ಹೊರಹಾಕಿತು. ಸದಸ್ಯರಲ್ಲಿ ದಲಿತರು, ಮುಸ್ಲಿಮರು ಬಹಳ ಮಂದಿ ಇದ್ದ ಸಂಘ ಆಗ ಸುಮ್ಮನಿದ್ದಿದ್ದರೆ ಅಲ್ಲೇ ಉಳಿಯುತ್ತಿತ್ತೇನೋ, ಆದರೆ ಸದಸ್ಯರಿಗೆ ಮುಖ ತೋರಿಸುವಂತಿರುತ್ತಿರಲಿಲ್ಲ.

ಮನೆಯಲ್ಲೇ ಕೂತು ಮಾಡುವ ಕೆಲಸದ ವಿಷಯ ದಕ್ಷಿಣ ಕನ್ನಡದ ಬೀಡಿ ಕಟ್ಟುವ ಮನೆಗಳಿಗೂ ಬೆಂಗಳೂರಿನ ಊದುಬತ್ತಿ ಹೊಸೆಯುವವರಿಗೂ ಸೇರಿದ್ದು. ಕೂಲಿ ದಿನಕ್ಕಲ್ಲ, ಎಣಿಕೆಗೆ. ದರ ನಿಗದಿ ಮಾಡುವಾಗಲೇ ಮೋಸ ಹೊಕ್ಕುತ್ತದೆ. ಲೆಕ್ಕಕ್ಕಾಗಿ ದಿನದ ಕನಿಷ್ಠ ಕೂಲಿ 400 ರೂಪಾಯಿ ಎಂದಿಟ್ಟುಕೊಳ್ಳಿ. ಎಲ್ಲರಿಗಿಂತ ಚುರುಕು ಕೈಯವಳು 8 ಗಂಟೆಯಲ್ಲಿ 1,000 ಬೀಡಿ ಮಾಡುತ್ತಾಳೆಂದು ಒಂದಕ್ಕೆ 40 ಪೈಸೆ ಕಟ್ಟಿದರೆ, 800 ಮಾಡುವ ಸಾಮಾನ್ಯ ಕೈಗೆ ಸಿಗುವುದು 320. ಎಲೆ ನೆನೆಸಿ, ಅಳತೆಗೆ ಕತ್ತರಿಸುವ ಹೊತ್ತನ್ನು ಆ 8 ಗಂಟೆಯೊಳಗೆ ಹಿಡಿದಿರುವುದೂ ಅಪರೂಪ. ಅದಕ್ಕೇ ಒಂದೂವರೆ ಗಂಟೆ ಹೋದರೆ 800 ಎನ್ನುವುದು 650 ಆಗುತ್ತದೆ, ಕೂಲಿ 260ಕ್ಕೆ ಇಳಿಯುತ್ತದೆ. ಮಗಳು ದಾರ ಸುತ್ತಿ, ಅತ್ತೆ ಎಲೆ ಕತ್ತರಿಸಿ 1,000 ಮುಗಿಸಿದ್ದನ್ನು ಒಬ್ಬಳ ದುಡಿಮೆ ಎಂದು ತೋರಿಸುವುದು ಇನ್ನೊಂದು ಕೈಚಳಕ. ದರ ಕಟ್ಟುವವರು ಸಾಮಾನ್ಯ ಕೈಯನ್ನು, ಸಿದ್ಧತೆಯನ್ನೂ ಸೇರಿಸಿ, ಒಬ್ಬಳ ಎಂಟು ಗಂಟೆಯನ್ನು ಅಳೆಯಬೇಕು.

ಆಮೇಲೆ ಎಲೆ. ಹರಿದ, ತೂತು ಬಿದ್ದ ಎಲೆ ಬಂದರೆ ಕೊಟ್ಟ ತೂಕದಲ್ಲಿ ಸಾವಿರ ಬೀಡಿ ಏಳುವುದಿಲ್ಲ. ಕೊರತೆಯ ಎಲೆಯನ್ನು ಅವಳು ತನ್ನ ದುಡ್ಡಿನಲ್ಲೇ ತರಬೇಕು. ಕೊನೆಗೆ ತಿರಸ್ಕಾರ. ಸರಿಯಿಲ್ಲವೆಂದು ಗುತ್ತಿಗೆದಾರ ಬೀಡಿ ತೆಗೆದಿಡುತ್ತಾನೆ, ಅದಕ್ಕೆ ಕೂಲಿ ಕೊಡುವುದಿಲ್ಲ, ಬೀಡಿಯನ್ನೂ ಹಿಂತಿರುಗಿಸುವುದಿಲ್ಲ. 1966ರ ಬೀಡಿ ಕಾಯ್ದೆಯಡಿ ರಾಜ್ಯಗಳು ಮಾಡಿದ ನಿಯಮಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಹೆಚ್ಚು ತಿರಸ್ಕರಿಸಬಾರದು ಎಂದಿತ್ತು. ಅಂದರೆ ಸಾವಿರಕ್ಕೆ 50. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಈ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು 1974ರಲ್ಲಿ ಮಂಗಳೂರು ಗಣೇಶ್ ಬೀಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನಿಯಮವಿದ್ದರೂ ಪುಸ್ತಕ ಗುತ್ತಿಗೆದಾರನ ಬಳಿಯೇ ಇದ್ದರೆ ಪ್ರಯೋಜನವಿಲ್ಲ. ತಾರೀಕು, ಕೊಟ್ಟ ಎಲೆಯ ತೂಕ, ಹೊಗೆಸೊಪ್ಪಿನ ತೂಕ, ಒಪ್ಪಿಸಿದ ಬೀಡಿ, ತಿರಸ್ಕರಿಸಿದ್ದು, ಸಂದ ಹಣ: ಈ ಆರು ಕಲಮು ಇರುವ ಪುಸ್ತಕ ಕಟ್ಟುವವಳ ಮನೆಯಲ್ಲಿರಬೇಕು, ಪ್ರತಿ ಸಾಲಿಗೂ ಅವನ ಸಹಿ ಬೀಳಬೇಕು. ಇಬ್ಬರ ದುಡಿಮೆಯನ್ನು ಒಬ್ಬಳ ಹೆಸರಿಗೆ ಬರೆಸಿದರೆ ಇನ್ನೊಬ್ಬಳ ಭವಿಷ್ಯ ನಿಧಿ ಹೋದಂತೆಯೇ.

ಇಲಾಬೆನ್ ಮತ್ತು ಸಂಗಾತಿಗಳ ಒತ್ತಾಯದ ಫಲವಾಗಿ ಮನೆ ಆಧಾರಿತ ಕೆಲಸಗಾರರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಅದೇ ವರ್ಷ ಅವರು ‘ಸೇವಾ’ದ ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಟ್ಟುಕೊಟ್ಟರು. ಬಹಳ ನಾಯಕರಿಗೆ ಇದೇ ಆಗದ ಕೆಲಸ. ಮ್ಯಾಗ್ಸೆಸೆ, ಪದ್ಮಭೂಷಣ ಎಲ್ಲ ಬಂದವು. 2022ರ ನವೆಂಬರ್ 2ರಂದು ತೀರಿಕೊಂಡಾಗ ಅವರಿಗೆ 89 ವರ್ಷ. ಸಂಘದ ಸದಸ್ಯರ ಸಂಖ್ಯೆ ಇಪ್ಪತ್ತು ಲಕ್ಷ ದಾಟಿತ್ತು.

ಅಹಮದಾಬಾದಿನ ಮಾಣೆಕ್ ಚೌಕದ ತರಕಾರಿ ಹೆಂಗಸರಿಗಾಗಿ ‘ಸೇವಾ’ 1980ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲಿಂದ ಸಾಗಿದ ದಾರಿ ಮುಟ್ಟಿದ್ದು 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಗೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ. ಎಬ್ಬಿಸಲು 30 ದಿನ ಮೊದಲು ನೋಟಿಸು. ಕೆ.ಆರ್. ಮಾರ್ಕೆಟ್ಟಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಗಾಡಿ ಎತ್ತಿಕೊಂಡು ಹೋಗುವಾಗ ಮೊದಲು ಕೇಳಬೇಕಾದ್ದು ವಶಪಡಿಸಿಕೊಂಡ ಸಾಮಾನಿನ ಪಟ್ಟಿ. ಕೊಡಲೇಬೇಕೆಂದು ಕಾಯ್ದೆ ಹೇಳುತ್ತದೆ. ಕೇಳಿಕೊಂಡು ಹೋದರೆ ಹಾಳಾಗುವ ಮಾಲು ಅದೇ ದಿನ, ಉಳಿದದ್ದು ಎರಡು ಕೆಲಸದ ದಿನಗಳೊಳಗೆ ವಾಪಸು ಸಿಗಬೇಕು. ಪಟ್ಟಿ ಇಲ್ಲದೆ ಹೋದರೆ, ಹತ್ತು ಕೆಜಿ ಟೊಮೆಟೊ ಇತ್ತು ಎಂದು ಅವಳು, ಎರಡೇ ಇತ್ತು ಎಂದು ಅವರು.