ಮೂರು ಬೆರಳಿನ ಮಿಂಚುಳ್ಳಿಯನ್ನು ನೋಡಲು ಚಿಪಳೂಣಕ್ಕೆ ಹೋಗುವವರಿಗೆ

ತಲೆಗೆ 2,500 ರೂಪಾಯಿ ಕೊಟ್ಟು ಮಹಾರಾಷ್ಟ್ರದ ಕೊಂಕಣದ ಪಟ್ಟಣವಾದ ಚಿಪಳೂಣದ ಹೊರವಲಯದಲ್ಲಿ ನಾನು ಪಡೆದದ್ದು, ಹಕ್ಕಿಯ ಚಿತ್ರ ತೆಗೆಯುವವರಿಗೆಂದು ಕಟ್ಟಿದ ಹಸಿರು ಪರದೆಯ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು. ಎದುರಿಗೆ ಹದಿನೈದು ಅಡಿ ದೂರದ ಮಣ್ಣಿನ ದರೆಯಲ್ಲಿ ಮೂರು ಬೆರಳಿನ ಮಿಂಚುಳ್ಳಿಯ ಬಿಲವಿತ್ತು. ಅಡ್ಡ ಬರುತ್ತಿದ್ದ ಬಳ್ಳಿ, ಜರಿಗಿಡಗಳನ್ನೆಲ್ಲ ಸವರಿ, ಹಕ್ಕಿ ಕೂರಲೆಂದು ಪಾಚಿ ಹಿಡಿದ ಒಂದು ಕೊಂಬೆಯನ್ನು ನೆಟ್ಟಿದ್ದರು. ಪರದೆಯ ಹಿಂದೆ ನಾವು ಹನ್ನೊಂದು ಮಂದಿ ಇದ್ದೆವು. ಕೊಕ್ಕಿನಲ್ಲಿ ಹಾವುರಾಣಿ ಮರಿಯನ್ನು ಕಚ್ಚಿಕೊಂಡು ಬಂದ ತಾಯಿಯೋ ತಂದೆಯೋ, ಫ್ಲ್ಯಾಶ್ ಬೆಳಕಿಗೆ ಬೆದರಿ, ಬಿಲದೊಳಕ್ಕೆ ಹೋಗಲಾರದೆ ಮುಕ್ಕಾಲು ಗಂಟೆ ಅತ್ತಿತ್ತ ಹಾರುತ್ತಲೇ ಇತ್ತು. ಆ ದಿನ ನಾನು ತೆಗೆದ ಚಿತ್ರಕ್ಕೂ ಪಕ್ಕದವರು ತೆಗೆದ ಚಿತ್ರಕ್ಕೂ ಏನೂ ವ್ಯತ್ಯಾಸವಿಲ್ಲ. ಎಲ್ಲದರಲ್ಲೂ ಅದೇ ಕೊಂಬೆ. ಗೂಡಿಗೆ ಹೀಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ ಎಂಬುದು ನನಗೆ ಊರಿಗೆ ಮರಳಿದ ಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಎದ್ದು ಬರುತ್ತಿದ್ದೆನೆಂದು ಹೇಳಿಕೊಳ್ಳುವಷ್ಟು ಧೈರ್ಯ ನನಗಿಲ್ಲ, ಏಕೆಂದರೆ ಹಣವನ್ನು ಹಿಂದಿನ ರಾತ್ರಿಯೇ ಕೊಟ್ಟಾಗಿತ್ತು.

ಇನ್ನೊಂದು ತಪ್ಪು ಪೂರ್ತಿಯಾಗಿ ನನ್ನದೇ. ಮಿಂಚುಳ್ಳಿ ಎಂದ ಮೇಲೆ ಹೊಳೆಯ ದಂಡೆಯಲ್ಲಿಯೇ ಇರಬೇಕೆಂದು ಭಾವಿಸಿ ಒಂದು ದಿನವಿಡೀ ವಾಶಿಷ್ಠಿ ನದಿಯನ್ನು ನೋಡುತ್ತ ಕುಳಿತಿದ್ದೆ. ಇದು ಕಾಡಿನ ಹಕ್ಕಿ. ಮರಗಳ ನೆರಳು ದಟ್ಟವಾಗಿ ಬಿದ್ದಿರುವ, ಒಂದೇ ಹೆಜ್ಜೆಗೆ ದಾಟಬಹುದಾದ ತೊರೆಗಳ ಬಳಿ, ನೆಲದಿಂದ ನಾಲ್ಕೈದು ಅಡಿಗಿಂತ ಎತ್ತರಕ್ಕೆ ಹೋಗದ ಬೇರು, ಬಳ್ಳಿಗಳ ಮೇಲೆ ಅದು ಕೂರುತ್ತದೆ. ಮೀನನ್ನು ತಿನ್ನುತ್ತದಾದರೂ ಅದಕ್ಕೇ ಜೋತುಬೀಳದೆ ಜೇಡ, ಮಿಡತೆ, ಸಣ್ಣ ಏಡಿ, ಕಪ್ಪೆ, ಹಲ್ಲಿ, ಹಾವುರಾಣಿಗಳನ್ನೂ ಹಿಡಿದು, ಕೊಂಬೆಗೆ ಬಡಿದು ನುಂಗುತ್ತದೆ. ಉದ್ದ ಸುಮಾರು 13 ಸೆಂಟಿಮೀಟರ್, ಅಂದರೆ ಗುಬ್ಬಚ್ಚಿಗಿಂತಲೂ ಚಿಕ್ಕದು. ಆ ಉದ್ದದಲ್ಲಿಯೂ ಕೊಕ್ಕಿನದೊಂದು ಒಳ್ಳೆಯ ಪಾಲು. ತೂಕ 20 ಗ್ರಾಮಿನೊಳಗೆ. ಹವಳಗೆಂಪಿನ ಕೊಕ್ಕು ಮತ್ತು ಕಾಲು, ಅರಿಶಿನಕ್ಕೆ ಕಿತ್ತಳೆ ಬೆರೆಸಿದಂಥ ಹೊಟ್ಟೆ, ಕಡುನೀಲಿ ಬೆನ್ನು, ನೆತ್ತಿಯಿಂದ ಸೊಂಟದವರೆಗೆ ಬೆಳಕು ಬಿದ್ದಾಗ ಮಾತ್ರ ಹೊಮ್ಮುವ ನೇರಳೆ ಮಿಂಚು. ಇಷ್ಟು ಬಣ್ಣವಿದ್ದೂ ಕಾಡಿನ ಕತ್ತಲಲ್ಲಿ ಅದು ಒಣಗಿದ ಎಲೆಯಂತೆ ಮರೆಯಾಗುವುದು ನನಗೆ ಇಂದಿಗೂ ಸೋಜಿಗ. ಹೆಚ್ಚಿನ ಮಿಂಚುಳ್ಳಿಗಳಿಗೆ ನಾಲ್ಕು ಬೆರಳುಗಳಾದರೆ ಇದಕ್ಕೆ ಮೂರೇ. ಅಲ್ಲಿಯವರು ಇದನ್ನು ‘ತಿಬೋಟಿ ಖಂಡ್ಯಾ’ ಎನ್ನುವುದೂ ಅದಕ್ಕಾಗಿಯೇ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಹಳ್ಳಿಯಲ್ಲಿ ದಾರಿ ಕೇಳುವಾಗ ಬೇಕಾಗುತ್ತದೆ.

ಮೊದಲ ಮಳೆಯೊಂದಿಗೆ, ಮೇ ಕೊನೆಯಿಂದ ಜೂನ್ ನಡುವೆ, ಇವು ಕೊಂಕಣಕ್ಕೆ ಬರುತ್ತವೆ. ಪ್ರಯಾಣ ರಾತ್ರಿಯಲ್ಲಿ, ಆ ದಿನಗಳಲ್ಲಿ ಮುಂಬಯಿಯ ಕಟ್ಟಡಗಳ ಗಾಜಿಗೆ ಬಡಿದು ಬೀಳುವುದೂ ಉಂಟು. ಮಳೆಗೆ ಮಣ್ಣು ಮೆದುವಾದ ಮೇಲೆ ಗಂಡು ಹೆಣ್ಣು ಸೇರಿ ದರೆಯಲ್ಲಿ ಒಂದು ಮೀಟರಿನವರೆಗೂ ಅಡ್ಡ ಸುರಂಗ ಕೊರೆದು, ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆಗಳನ್ನು ಇಟ್ಟು, ಸುಮಾರು 17 ದಿನ ಕಾವು ಕೊಡುತ್ತವೆ. ಮರಿಗಳು ಹೊರಬರಲು ಮತ್ತೆ ಇಪ್ಪತ್ತು ದಿನ ಬೇಕು. ಆದ್ದರಿಂದ ನನ್ನ ಸಲಹೆಯೆಂದರೆ, ಎಲ್ಲರೂ ಮುಗಿಬೀಳುವ ಜುಲೈ, ಆಗಸ್ಟ್‌ಗಳನ್ನು ಬಿಟ್ಟು, ಹಕ್ಕಿಗಳು ಜೋಡಿಯಾಗಿ ಜಾಗ ಹುಡುಕುತ್ತ ಕೂಗಾಡುವ ಜೂನ್ ಮೊದಲ ವಾರಗಳಲ್ಲಿ ಹೋಗುವುದು ಒಳ್ಳೆಯದು. ಜುಲೈಯಲ್ಲೇ ಹೋಗುವುದಾದರೆ ನೆಲಮಹಡಿಯ ಕೋಣೆಯನ್ನು ಹಿಡಿಯಬೇಡಿ: 2021ರ ಜುಲೈಯಲ್ಲಿ ವಾಶಿಷ್ಠಿ ಉಕ್ಕಿ ಪಟ್ಟಣವೇ ಮುಳುಗಿತ್ತು. ಕೊಂಕಣ ರೈಲು ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿಯಂತೆ ನಿಧಾನವಾಗಿ ಓಡುತ್ತದೆಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನನಗೆ ಸಿಕ್ಕ ಕೋಣೆಗೆ 1,800 ರೂಪಾಯಿ. ಗೋಡೆಯಲ್ಲಿ ನೀರು ಜಿನುಗುತ್ತಿತ್ತು, ಬಟ್ಟೆ ಎರಡು ದಿನವಾದರೂ ಒಣಗಲಿಲ್ಲ, ಲೆನ್ಸಿನೊಳಗೆ ಆವಿ ಕಟ್ಟಿತು. ಇದನ್ನೆಲ್ಲ ಮರೆಸಿದ್ದು ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಖಾನಾವಳಿ. ಫಲಕವಿಲ್ಲ, ನಾಲ್ಕೇ ಮೇಜು. ಅಕ್ಕಿಯ ಭಾಕರಿ ಒಲೆಯಿಂದ ನೇರವಾಗಿ ತಟ್ಟೆಗೆ ಬೀಳುತ್ತದೆ. ಜೊತೆಗೆ ಹುರುಳಿ ಹಿಟ್ಟಿನ ಪಿಠಲೆ, ಪುನರ್ಪುಳಿಯ ಸೋಲ್ ಕಢಿ, ಮತ್ತು ಮಳೆಗಾಲದಲ್ಲಿ ಮಾತ್ರ ಚಿಗುರುವ ‘ಟಾಕಳಾ’ ಸೊಪ್ಪಿನ ಪಲ್ಯ. ಮೊದಲ ತುತ್ತಿಗೇ ಗುರುತು ಸಿಕ್ಕಿತು, ಇದು ನಮ್ಮ ತಗಟೆ ಸೊಪ್ಪು, ತುಳುವರ ತಜಂಕ್. ‘ನಮ್ಮಲ್ಲೂ ಇದನ್ನು ತಿನ್ನುತ್ತೇವೆ, ಮಾವಶಿ’ ಎಂದು ಹರಕುಮುರುಕು ಮರಾಠಿಯಲ್ಲಿ ಹೇಳಿದ್ದಕ್ಕೆ ಬಡಿಸುತ್ತಿದ್ದ ಹೆಂಗಸು ನಾನು ಕೇಳದೆಯೇ ಇನ್ನೊಂದು ಸೌಟು ಬಡಿಸಿದರು. ಬೇಕಾದಷ್ಟು ಭಾಕರಿ ಸೇರಿ 130 ರೂಪಾಯಿ. ಮೂರು ದಿನ ಎರಡು ಹೊತ್ತೂ ಅಲ್ಲಿಯೇ ಉಂಡೆ.

ಹಕ್ಕಿಯ ದಾರಿ ತೋರಿದವರೂ ಅಲ್ಲಿ ಚಹಾ ಕುಡಿಯುತ್ತಿದ್ದ, ದನ ಮೇಯಿಸುವ ಹಿರಿಯರೊಬ್ಬರು. ಕೊನೆಯ ದಿನ ಬೆಳಿಗ್ಗೆ ಅವರೊಂದಿಗೆ ಹಳ್ಳಿಯ ಬಸ್ಸಿನಲ್ಲಿ ಹೋದೆ. ಕಿಟಕಿಗೆ ಗಾಜಿರಲಿಲ್ಲ, ಕೊಡೆ ಬಿಡಿಸಿಕೊಂಡೇ ಕುಳಿತಿದ್ದೆ. ಇಂಬಳಗಳಿಗೆಂದು ಉಪ್ಪಿನ ಗಂಟು ಒಯ್ದಿದ್ದರೂ ಅದು ಮಳೆಗೆ ಕರಗಿಹೋಯಿತು, ನೀವು ಉದ್ದನೆಯ ಬಿಗಿ ಕಾಲುಚೀಲ ಧರಿಸಿ. ತೊರೆಯ ಬಳಿ ಒಂದು ಗಂಟೆ ಕುಳಿತ ಮೇಲೆ ಮೊದಲು ಕೇಳಿಸಿದ್ದು ‘ಚಿಚೀ’ ಎಂಬ ಸೂಜಿಯಂಥ ಸಣ್ಣ ಕೂಗು. ಹಿಂದೆಯೇ ಕಿತ್ತಳೆ ಗೆರೆಯೊಂದು ಮೊಣಕಾಲಿನೆತ್ತರದಲ್ಲಿ ಹಾದು, ಎದುರಿನ ಬೇರಿನ ಮೇಲೆ ಹಕ್ಕಿಯಾಗಿ ನಿಂತಿತು. ಎರಡು ಸಲ ತಲೆ ಕುಣಿಸಿ, ಎಲೆಯ ಅಡಿಯಿಂದ ಜೇಡವೊಂದನ್ನು ಕಿತ್ತುಕೊಂಡು ಹೋಯಿತು. ಕ್ಯಾಮೆರಾ ಚೀಲದೊಳಗಿತ್ತು. ಹಿರಿಯರು ಚಹಾದ ದುಡ್ಡಿನ ಹೊರತು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ಆ ತೊರೆ ಯಾವ ಹಳ್ಳಿಯದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಮಳೆಗಾಲಕ್ಕೆ ಅಲ್ಲಿಯೂ ಪರದೆ ಕಟ್ಟುತ್ತಾರೆ.