ಎಂಟು ನಾಬ್, ಆರುನೂರು ಮದುವೆ ಫೋಟೋ

ತುಮಕೂರು
2025 ಜುಲೈ 8, ಮಂಗಳವಾರ

ಆಷಾಢ ಬಂತು, ಮದುವೆಗಳು ನಿಂತವು. ಜ್ಯೇಷ್ಠದಲ್ಲಿ ಆದ ಮದುವೆಗಳ ಫೈಲುಗಳು ಮಾತ್ರ ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಸಾಲಾಗಿ ಕೂತಿವೆ. ಸ್ಟುಡಿಯೋದವರು ಫೋಟೋ ತೆಗೆದು ಕಳಿಸುತ್ತಾರೆ. ಬಣ್ಣ ತಿದ್ದಿ ಆಲ್ಬಂಗೆ ಸಿದ್ಧ ಮಾಡುವುದು ನನ್ನ ಕೆಲಸ. ಕ್ಯಾತ್ಸಂದ್ರದ ಮನೆಯ ಮೇಲಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಈ ಸೀಸನ್‌ನಲ್ಲಿ ಬಲಗೈ ಮಣಿಕಟ್ಟು ತುಂಬಾ ನೋಯತೊಡಗಿತು. ಬೆಳಿಗ್ಗೆ ದೋಸೆ ಮಗುಚುವುದಕ್ಕೂ ಎಡಗೈ ಬೇಕಾಯಿತು. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಒಂದು ಮದುವೆಗೆ ಆರುನೂರು ಫೋಟೋ ಆರಿಸಿದರೆ, ಒಂದೊಂದಕ್ಕೂ ಏಳು ಸ್ಲೈಡರ್ (ಬೆಳಕು, ಬಣ್ಣ ಹೆಚ್ಚು ಕಮ್ಮಿ ಮಾಡಲು ಪರದೆಯ ಮೇಲೆ ಎಳೆಯುವ ಗುರುತು) ಮುಟ್ಟಿದರೆ, 4,200 ಸಲ ಮೌಸ್ ಒತ್ತಿ ಹಿಡಿದು ಎಳೆದ ಹಾಗಾಯಿತು. ಅದೂ ಕೂದಲೆಳೆಯಷ್ಟು ಅಗಲದ ಒಂದು ಗುರುತನ್ನು ಹಿಡಿದು.

ಅಣ್ಣನ ಮಗ ಊರಿನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಗಣೇಶನ ಹಬ್ಬ ಹತ್ತಿರ ಬಂದರೆ ಅವನು ಕೈಗೆ ಸಿಗುವುದಿಲ್ಲ. ಈಗ ಬಿಡುವಾಗಿದ್ದಾನೆ. ಹೋದ ಶುಕ್ರವಾರ ನನ್ನ ಕೈಗೆ ಸುತ್ತಿದ್ದ ಕ್ರೇಪ್ ಬ್ಯಾಂಡೇಜ್ ನೋಡಿ, "ಅತ್ತೆ, ನನ್ನ ಹತ್ರ ತಿರುಪೋ ಎಂಟು ನಾಬ್ ಇರೋ ಹಳೇ ಮಿಡಿ ಕೀಬೋರ್ಡ್ ಇದೆ. ಅದರಲ್ಲೇ ಫೋಟೋ ತಿದ್ದಬಹುದಂತೆ, ನೋಡೋಣ್ವಾ?" ಅಂದ. ಕೆಳಗಿದ್ದ ಅಮ್ಮನಿಗೆ ಕೇಳಿಸಿದ್ದು ಮಿಡಿ ಒಂದೇ. ಈ ತಿಂಗಳಲ್ಲಿ ಮಾವಿನಮಿಡಿ ಎಲ್ಲಿ ಸಿಕ್ಕಿತು ಅಂತ ಮೇಲೆ ಹತ್ತಿ ಬಂದರು.

ಮಿಡಿ ಹುಟ್ಟಿದ್ದು 1983ರಲ್ಲಿ, ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದ ವರ್ಷ. ಬೇರೆ ಬೇರೆ ಕಂಪನಿಗಳ ಸಂಗೀತದ ಯಂತ್ರಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲಿ ಅಂತ ಮಾಡಿಕೊಂಡ ಭಾಷೆ ಅದು. ತಂತಿಯಲ್ಲಿ ಸದ್ದು ಹೋಗುವುದಿಲ್ಲ, ಬರೀ ಅಂಕಿ ಹೋಗುತ್ತದೆ. ಯಾವ ನಾಬ್, ಎಷ್ಟು ತಿರುಗಿತು, ಅಷ್ಟೇ. ಆ "ಎಷ್ಟು" ಅನ್ನುವುದು 0ಯಿಂದ 127ರವರೆಗೆ ಇರುತ್ತದೆ. ಅಂಕಿಯನ್ನು ಓದುವ ಇನ್ನೊಂದು ತುದಿಯಲ್ಲಿ ಸಂಗೀತವೇ ಇರಬೇಕು ಅಂತೇನೂ ಇಲ್ಲ. ಇದನ್ನು ಹುಡುಗ ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ನಡುವೆ ದುಭಾಷಿ ಬೇಕು. ನಾನು ಫೋಟೋ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ತಂತ್ರಾಂಶಕ್ಕೆ ಮಿಡಿ ಟು ಎಲ್‌ಆರ್ ಅನ್ನುವ ಪ್ಲಗಿನ್ (ಅದರ ಜತೆ ಸೇರಿ ಕೆಲಸ ಮಾಡುವ ಪುಟ್ಟ ತಂತ್ರಾಂಶ) ಉಚಿತವಾಗಿ ಸಿಗುತ್ತದೆ. ಹಾಕಿಕೊಂಡರೆ ಲೈಟ್‌ರೂಮ್ ಜತೆಗೇ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ನಾಬ್ ಒಂದನ್ನು ತಿರುಪಿದರೆ ಅಲ್ಲಿ ಹೊಸ ಸಾಲು ಮೂಡುತ್ತದೆ. ಆ ಸಾಲಿನ ಮುಂದೆ ಎಕ್ಸ್‌ಪೋಶರ್ (ಇಡೀ ಫೋಟೋದ ಬೆಳಕು) ಅಂತ ಆರಿಸಿದರೆ ಆ ನಾಬ್ ಇನ್ನು ಮುಂದೆ ಎಕ್ಸ್‌ಪೋಶರ್. ಹತ್ತು ನಿಮಿಷದಲ್ಲಿ ಎಂಟೂ ಸಿದ್ಧವಾದವು. ಕೆಲಸಕ್ಕೆ ಕೂತಾಗ ತೊಂದರೆ ಶುರುವಾಯಿತು.

ಮೊದಲ ಫೋಟೋ ಚಪ್ಪರದ ಕೆಳಗಿನದು, ಕತ್ತಲು ಜಾಸ್ತಿ. ನಾಬ್ ತಿರುಪಿ ಎಕ್ಸ್‌ಪೋಶರ್ ಏರಿಸಿದೆ, ಚೆನ್ನಾಗಿ ಬಂತು. ಮುಂದಿನದು ಬಿಸಿಲಿನಲ್ಲಿ ತೆಗೆದದ್ದು. ಸ್ವಲ್ಪ ಇಳಿಸೋಣ ಅಂತ ನಾಬ್ ಮುಟ್ಟಿದ್ದೇ ತಡ, ಫೋಟೋ ಬೆಳ್ಳಗೆ ಸುಣ್ಣ ಬಳಿದ ಗೋಡೆ ಆಯಿತು. ಹಳೇ ಕೀಬೋರ್ಡ್‌ನ ನಾಬ್‌ಗಳಿಗೆ ಎಡಕ್ಕೊಂದು ಕೊನೆ, ಬಲಕ್ಕೊಂದು ಕೊನೆ ಇರುತ್ತದೆ. ನಾಬ್ ಎಲ್ಲಿ ನಿಂತಿದೆಯೋ ಆ ಅಂಕಿಯನ್ನೇ ಅದು ಕಳಿಸುತ್ತದೆ. ಫೋಟೋ ಬದಲಾಯಿತು ಅಂತ ಅದಕ್ಕೆ ತಿಳಿಯುವುದಾದರೂ ಹೇಗೆ? ಹಿಂದಿನ ಫೋಟೋಗೆ ನಿಲ್ಲಿಸಿದ ಜಾಗದಲ್ಲೇ ಇತ್ತು, ಅಲ್ಲಿಂದಲೇ ಹೊರಟಿತು.

ಇದಕ್ಕೆ ಪಿಕಪ್ ಅಂತ ಒಂದು ಉಪಾಯ ಇದೆ. ಸ್ಲೈಡರ್ ಈಗಿರುವ ಜಾಗವನ್ನು ನಾಬ್ ದಾಟುವವರೆಗೆ ಏನೂ ಆಗುವುದಿಲ್ಲ, ದಾಟಿದ ಮೇಲೆ ಹಿಡಿತ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಪ್ರತಿ ಫೋಟೋಗೂ ಪ್ರತಿ ನಾಬನ್ನೂ ತಿರುಪಿ ತಿರುಪಿ ಆ ಜಾಗ ಹುಡುಕಬೇಕು. ಆರುನೂರು ಫೋಟೋ ಇರುವವರಿಗೆ ಇದು ಆಗಿಬರುವುದಿಲ್ಲ. ಸಂಜೆ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಒಂದು ಫೋಟೋಗೆ ಮಾಡಿದ್ದು ಆರಿಸಿದ ಎಲ್ಲಕ್ಕೂ ಆಗುವ ಆಟೋ ಸಿಂಕ್ ಹಾಕಿದ್ದು ಮರೆತು ನಾಬ್ ತಿರುಪಿದೆ, ಆರಿಸಿಟ್ಟಿದ್ದ ಅರವತ್ತು ಫೋಟೋಗಳೂ ಒಟ್ಟಿಗೇ ಕಪ್ಪಾದವು. ಲೈಟ್‌ರೂಮ್ ಮೂಲ ಫೈಲನ್ನು ಮುಟ್ಟುವುದಿಲ್ಲ, ಹಿಂದಕ್ಕೆ ತಂದೆ. ಆದರೂ ಎದೆ ಧಸಕ್ ಅಂತು.

ಕೊನೆಗೆ ಬೆಹ್ರಿಂಗರ್ ಎಕ್ಸ್-ಟಚ್ ಮಿನಿ ಅನ್ನುವ ಪುಟ್ಟ ಮಿಡಿ ಪೆಟ್ಟಿಗೆ ತರಿಸಿದೆ. ನಿನ್ನೆ ಬಂತು. ಎಂಟು ನಾಬ್, ಹದಿನಾರು ಗುಂಡಿ, ಬದಿಯಲ್ಲೊಂದು ಸ್ಲೈಡರ್. ಇದರ ನಾಬ್‌ಗಳಿಗೆ ಕೊನೆಯೇ ಇಲ್ಲ, ಎಷ್ಟು ಸುತ್ತಿದರೂ ಸುತ್ತುತ್ತವೆ. ಪ್ರತಿ ನಾಬ್ ಸುತ್ತ ಸಣ್ಣ ಸಣ್ಣ ದೀಪಗಳ ಬಳೆ. ಫೋಟೋ ಬದಲಿಸಿದ ಕೂಡಲೇ ಪ್ಲಗಿನ್ ಆ ಫೋಟೋದ ಅಂಕಿಗಳನ್ನು ಹಿಂದಕ್ಕೆ ಕಳಿಸುತ್ತದೆ, ಬಳೆಯ ದೀಪಗಳು ತಾವಾಗಿಯೇ ಸರಿದು ನಿಲ್ಲುತ್ತವೆ. ಇನ್ನು ಜಿಗಿತ ಇಲ್ಲ. ಮೊದಲ ಸಲ ಅದು ಸರಿದದ್ದು ನೋಡಿ ಹುಡುಗನೂ ನಾನೂ ಸುಮ್ನೆ ಹತ್ತು ಫೋಟೋ ಹಿಂದೆ ಮುಂದೆ ಮಾಡಿದೆವು.

ಇವತ್ತಿಡೀ ಹೋದದ್ದು ಅಳತೆ ಕೂಡಿಸುವುದಕ್ಕೆ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಮಾಡಲೇಬೇಕು. ಲೈಟ್‌ರೂಮ್‌ನಲ್ಲಿ ಟೆಂಪರೇಚರ್, ಅಂದರೆ ಫೋಟೋ ನೀಲಿಗೆ ವಾಲಬೇಕೋ ಹಳದಿಗೋ ಅನ್ನುವ ಅಳತೆ, 2,000ದಿಂದ 50,000 ಕೆಲ್ವಿನ್‌ವರೆಗೆ ಹೋಗುತ್ತದೆ. ಅದನ್ನು ಪೂರ್ತಿ 127 ಹೆಜ್ಜೆಗೆ ಹಂಚಿದರೆ ಒಂದು ಹೆಜ್ಜೆಗೆ ಸುಮಾರು 378 ಕೆಲ್ವಿನ್ ಬೀಳುತ್ತದೆ. ಮದುಮಗಳ ಮುಖ ಒಂದು ಹೆಜ್ಜೆಗೆ ನೀಲಿ, ಇನ್ನೊಂದು ಹೆಜ್ಜೆಗೆ ಕೇಸರಿ. ಪ್ಲಗಿನ್‌ನ ಆಯ್ಕೆಗಳಲ್ಲಿ ಮಿತಿ ಹಾಕುವ ಜಾಗ ಇದೆ. ನಮ್ಮ ಕಲ್ಯಾಣ ಮಂಟಪಗಳ ಹಳದಿ ಬಲ್ಬ್‌ನಿಂದ ಹೊರಗಿನ ಮೋಡದ ಬೆಳಕಿನವರೆಗೆ ನನಗೆ 3,000ದಿಂದ 8,000 ಸಾಕು. ಹಾಗೆ ಹಾಕಿದ ಮೇಲೆ ಒಂದು ಹೆಜ್ಜೆಗೆ 40 ಕೆಲ್ವಿನ್‌ಗಿಂತ ಕಮ್ಮಿ. ಎಕ್ಸ್‌ಪೋಶರ್ ಕೂಡ ಹಾಗೇ. ಮೈನಸ್ ಐದರಿಂದ ಪ್ಲಸ್ ಐದರವರೆಗೆ ಯಾರಿಗೆ ಬೇಕು? ಎರಡೂ ಕಡೆ ಎರಡೆರಡು ಸ್ಟಾಪ್‌ಗೆ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ನಿಲ್ಲಿಸಿದೆ. ಈಗ ಬೆಳಕು ಹಾಲು ಕಾಯುವ ಹಾಗೆ ನಿಧಾನಕ್ಕೆ ಏರುತ್ತದೆ.

ರಾ (ಕ್ಯಾಮೆರಾ ಕಂಡದ್ದನ್ನು ಹಾಗೇ ಉಳಿಸುವ ಫೈಲು) ತೆಗೆಯದೆ ಬರೀ ಜೆಪೆಗ್ (ಕುಗ್ಗಿಸಿದ ಫೈಲು) ಕಳಿಸುವ ಸ್ಟುಡಿಯೋ ಹುಡುಗರು ದಯವಿಟ್ಟು ಇದನ್ನು ಓದಿ. ಜೆಪೆಗ್‌ಗೆ ಕೆಲ್ವಿನ್ ಸಿಗುವುದೇ ಇಲ್ಲ, ಮೈನಸ್ ನೂರರಿಂದ ಪ್ಲಸ್ ನೂರು ಅಂತ ಅಂದಾಜು ಮಾತ್ರ. ಮಂಟಪದ ಬೆಳಕನ್ನು ಅದರಲ್ಲಿ ಸರಿಮಾಡುವುದು ಬಹಳ ಕಷ್ಟ.

ನಾಬ್‌ಗಳ ಕ್ರಮವನ್ನು ಮೂರು ಸಲ ಬದಲಿಸಿದೆ. ಮೊದಲು ಪರದೆಯಲ್ಲಿ ಮೇಲಿಂದ ಕೆಳಗೆ ಇರುವ ಹಾಗೇ ಹಾಕಿದ್ದೆ. ಕೈಗೆ ಒಗ್ಗಲಿಲ್ಲ. ಕೈ ಕೇಳುವ ಕ್ರಮವೇ ಬೇರೆ. ನಾನು ಮೊದಲು ಮುಟ್ಟುವುದು ಎಕ್ಸ್‌ಪೋಶರ್, ಆಮೇಲೆ ಟೆಂಪರೇಚರ್. ಅವೆರಡನ್ನು ನಟ್ಟನಡುವೆ, ತೋರುಬೆರಳು ಮಧ್ಯದ ಬೆರಳು ತಾನಾಗಿ ಬೀಳುವ ಕಡೆ ಇಟ್ಟೆ. ನೆರಳಿನ ಜಾಗ ತಿದ್ದುವ ಶ್ಯಾಡೋಸ್, ಬೆಳಕಿನ ಜಾಗ ತಿದ್ದುವ ಹೈಲೈಟ್ಸ್ ಅಕ್ಕಪಕ್ಕ. ಟಿಂಟ್ (ಹಸಿರು, ಗುಲಾಬಿ ಛಾಯೆ), ವೈಟ್ಸ್ (ತೀರ ಬಿಳಿ), ಬ್ಲ್ಯಾಕ್ಸ್ (ತೀರ ಕಪ್ಪು), ವೈಬ್ರೆನ್ಸ್ (ಮಂಕು ಬಣ್ಣಗಳ ಗಾಢತೆ) ಅಂಚಿಗೆ. ನಾಬನ್ನು ಒತ್ತಿದರೆ ಆ ಸ್ಲೈಡರ್ ಮೊದಲಿನ ಜಾಗಕ್ಕೆ ಹೋಗುವ ಹಾಗೆ ಮಾಡಿದೆ. ಮುಂದಿನ ಫೋಟೋ, ಹಿಂದಿನ ಫೋಟೋ, ಮಾಡಿದ್ದನ್ನು ಹಿಂದಕ್ಕೆ ತರುವುದು, ಮೂರಕ್ಕೂ ಗುಂಡಿ ಕೊಟ್ಟೆ. ಉಳಿದ ಗುಂಡಿಗಳು ಖಾಲಿ ಇರಲಿ. ಜಾಸ್ತಿ ತುಂಬಿದರೆ ಕೈಗೆ ನೆನಪಿರುವುದಿಲ್ಲ.

ಎಂಟೂ ನಾಬ್ ಮುಟ್ಟಿದರೆ ಒಂದೇ ಥರ. ಅದಕ್ಕೆ ಎಕ್ಸ್‌ಪೋಶರ್ ನಾಬ್ ತಲೆಯ ಮೇಲೆ ಉಗುರುಬಣ್ಣದ ಒಂದು ಹನಿ ಬಿಟ್ಟೆ. ಒಣಗಿದ ಮೇಲೆ ಇನ್ನೊಂದು ಹನಿ. ಎರಡು ಸೇರಿ ಸಾಸಿವೆ ಕಾಳಿನಷ್ಟು ಉಬ್ಬಿ ನಿಂತಿತು. ಬೆರಳಿಗೆ ಆ ಕಾಳು ಸಿಕ್ಕರೆ ಉಳಿದ ಏಳೂ ಸಿಕ್ಕ ಹಾಗೆ. ಅಪ್ಪ ಕತ್ತಲಲ್ಲಿ ಹಾಸಿಗೆಯಿಂದಲೇ ರೇಡಿಯೋ ಕಿವಿ ತಿರುಪಿ ಸ್ಟೇಷನ್ ಹಿಡಿಯುತ್ತಿದ್ದರು. ಹಾಗೆ ಕೈ ತಾನಾಗಿ ಹೋಗಬೇಕು, ಕಣ್ಣು ಮುಖದ ಮೇಲೇ ಇರಬೇಕು. ಇಷ್ಟು ವರ್ಷ ನಾನು ಅರ್ಧ ಹೊತ್ತು ನೋಡುತ್ತಿದ್ದದ್ದು ಪರದೆಯ ಬಲಗಡೆಯ ಪಟ್ಟಿಯನ್ನು. ಫೋಟೋದಲ್ಲಿದ್ದವರನ್ನು ನೋಡಿದ್ದು ಉಳಿದರ್ಧ ಹೊತ್ತು ಮಾತ್ರ.

ಈ ಪೆಟ್ಟಿಗೆಯಲ್ಲಿ ಎ, ಬಿ ಅಂತ ಎರಡು ಲೇಯರ್ ಇವೆ. ಬಿ ಒತ್ತಿದರೆ ಅದೇ ಎಂಟು ನಾಬ್ ಬೇರೆ ಎಂಟು ಕೆಲಸಕ್ಕೆ ಬರುತ್ತವೆ. ಅಲ್ಲಿ ಬಣ್ಣಗಳನ್ನು ಇಟ್ಟಿದ್ದೇನೆ. ನಮ್ಮವರ ಮೈಬಣ್ಣ ಲೈಟ್‌ರೂಮ್‌ನ ಲೆಕ್ಕದಲ್ಲಿ ಹೆಚ್ಚಾಗಿ ಆರೆಂಜ್‌ನಲ್ಲಿ ಬರುತ್ತದೆ. ಅರಿಶಿನ, ಸೇವಂತಿಗೆ, ಒಡವೆ ಹಳದಿಯಲ್ಲಿ. ಅರಿಶಿನ ಶಾಸ್ತ್ರದ ಫೋಟೋದಲ್ಲಿ ಹಳದಿಯ ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ವಲ್ಪ ಇಳಿಸಿದರೆ ಕೆನ್ನೆಯ ಮೇಲಿನ ಅರಿಶಿನ ಪುಡಿಪುಡಿಯಾಗಿ ಕಾಣುತ್ತದೆ, ಇಲ್ಲದಿದ್ದರೆ ಬಣ್ಣ ಬಳಿದ ಹಾಗೆ. ಆದರೆ ಒಂದು ಹೆಜ್ಜೆ ಜಾಸ್ತಿ ಇಳಿಸಿದರೆ ತಾಳಿಯ ಚಿನ್ನ ಹಿತ್ತಾಳೆ ಆಗುತ್ತದೆ. ಒಂದು ಕೈಯಲ್ಲಿ ಹಳದಿ, ಇನ್ನೊಂದು ಕೈಯಲ್ಲಿ ಆರೆಂಜ್ ಹಿಡಿದು ಎರಡನ್ನೂ ಒಟ್ಟಿಗೆ ತಿರುಪಬಹುದು. ಮೌಸ್‌ನಲ್ಲಿ ಇದು ಸಾಧ್ಯವೇ ಇರಲಿಲ್ಲ.

ಆರೆಂಜ್‌ನ ಲೂಮಿನೆನ್ಸ್ (ಆ ಬಣ್ಣದ ಹೊಳಪು) ನಾಬ್ ಬಗ್ಗೆ ಹೇಳಲೇಬೇಕು. ಅದನ್ನು ಬಲಕ್ಕೆ ತಿರುಪಿದರೆ ಎಲ್ಲರೂ ಬೆಳ್ಳಗಾಗುತ್ತಾರೆ. "ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿ ಮೇಡಂ" ಅನ್ನದ ಮನೆಯವರು ಕಮ್ಮಿ. ನಾನು ಮಾಡುವುದಿಲ್ಲ. ಮುಖದ ಮೇಲೆ ಬೆಳಕು ಬೀಳದಿದ್ದರೆ ಬೆಳಕು ಕೊಡುತ್ತೇನೆ, ಬಣ್ಣ ಅವಳದ್ದೇ ಇರಬೇಕು. ಇವತ್ತು ತಿಪಟೂರಿನ ಮದುವೆಯ ಧಾರೆ ಫೋಟೋ ಒಂದು ಬಂತು. ಹಿಂದಿನ ಸಾಲಿನಲ್ಲಿ ಮದುಮಗಳ ಅಜ್ಜಿ ಇದ್ದಾರೆ, ಕಂಬದ ನೆರಳಿನಲ್ಲಿ. ಶ್ಯಾಡೋಸ್ ನಾಬ್ ಒಂದೊಂದೇ ಹೆಜ್ಜೆ ತಿರುಪುತ್ತಾ ಹೋದೆ. ಮೊದಲು ಮೂಗುತಿ ಮಿಂಚಿತು. ಆಮೇಲೆ ಕಣ್ಣಂಚಿನ ನೀರು ಕಾಣಿಸಿತು. ಅಲ್ಲಿಗೆ ನಿಲ್ಲಿಸಿದೆ. ಇನ್ನೊಂದು ಹೆಜ್ಜೆ ಹೋಗಿದ್ದರೆ ನೆರಳು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

ಲೈಟ್‌ರೂಮ್ ಇಲ್ಲದವರಿಗೂ ದಾರಿ ಇದೆ. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಅನ್ನುವ ಫೋಟೋ ತಂತ್ರಾಂಶದಲ್ಲಿ 2021ರ 3.8 ಆವೃತ್ತಿಯಿಂದ ಮಿಡಿ ಒಳಗೇ ಇದೆ. ಮೇಲಿರುವ ಕೀಬೋರ್ಡ್ ಚಿತ್ರ ಒತ್ತಿ, ಬೇಕಾದ ಸ್ಲೈಡರ್ ಮೇಲೆ ಮೌಸ್ ಇಟ್ಟು, ನಾಬ್ ತಿರುಪಿದರೆ ಆಯಿತು.

ಯಾವ ನಾಬ್‌ಗೆ ಯಾವ ಕೆಲಸ ಅನ್ನುವ ಪ್ರೊಫೈಲನ್ನು ಸೇವ್ ಮಾಡಿ ಪೆನ್‌ಡ್ರೈವ್‌ಗೂ ಹಾಕಿಟ್ಟಿದ್ದೇನೆ. ನೀವೂ ಹಾಕಿಡಿ, ಇಷ್ಟೆಲ್ಲ ಕೂಡಿಸಿದ್ದು ಮತ್ತೆ ನೆನಪಿಗೆ ಬರುವುದಿಲ್ಲ.

ಸಂಜೆ ಸ್ಟುಡಿಯೋದಿಂದ ಫೋನ್ ಬಂತು. "ಅಕ್ಕಾ, ತಿಪಟೂರಿನವರು ಕೇಳ್ತಾ ಇದಾರೆ, ಯಾವಾಗ ಕೊಡ್ತೀರ?" ಧಾರೆವರೆಗೆ ಮುಗಿದಿದೆ, ಗುರುವಾರ ಕೊಡುತ್ತೇನೆ ಅಂದೆ. ನಾಳೆ ಆರತಕ್ಷತೆಯ ಫೋಟೋಗಳು. ವೇದಿಕೆ ತುಂಬಾ ಗುಲಾಬಿ ಎಲ್‌ಇಡಿ ದೀಪ, ಎಲ್ಲರ ಹಣೆಯ ಮೇಲೂ ಅದೇ ಬಣ್ಣ. ಟಿಂಟ್ ಒಂದರಲ್ಲೇ ಅದು ಹೋಗುವುದಿಲ್ಲ. ಬಿ ಲೇಯರ್‌ನಲ್ಲಿ ಹಸಿರನ್ನು ತೆಗೆದು ಆ ಜಾಗಕ್ಕೆ ಮೆಜೆಂಟಾ ಹಾಕಬೇಕು.